ಉಂಡೆ ಚಿಪ್ಪಣ್ಣನ ಐದನೇ ಪಂದ್ಯ

ಒಂದು ಕಾಡಿನಲ್ಲಿ ಒಂದು ಚಿಪ್ಪುಹಂದಿ ಇತ್ತು. ಆಟಕ್ಕಿಳಿದರೆ ಸೋಲು, ವ್ಯಾಪಾರಕ್ಕಿಳಿದರೆ ನಷ್ಟ. ಅಂಥ ಮಹಾಶಯ ಯಾರು ಅಂತೀರಾ ಮಕ್ಕಳೇ? ನಾನೇ! ಬೇರೆಯವರ ಕತೆ ಹೇಳಿದರೆ ಜಗಳಕ್ಕೆ ಬರುತ್ತಾರೆ. ಅದಕ್ಕೇ ನನ್ನದನ್ನೇ ಹೇಳುತ್ತೇನೆ.

ನಮ್ಮ ಕುಲಕ್ಕೊಂದು ಅಭ್ಯಾಸ. ಯಾರಾದರೂ ಮುಟ್ಟಿದರೆ ಸಾಕು, ತಲೆ ಬಾಲ ಒಂದು ಮಾಡಿಕೊಂಡು ಉಂಡೆಯಾಗಿಬಿಡುತ್ತೇವೆ. ಚಿರತೆ ಬಂದಾಗ ಇದು ಒಳ್ಳೆಯದೇ. ಕಬಡ್ಡಿ ಆಡುವಾಗ? ಅಯ್ಯೋ, ಕೇಳಬೇಡಿ! ಪ್ರತಿ ಬೇಸಿಗೆಯಲ್ಲೂ ಹಳ್ಳದ ಮರಳಿನ ಮೇಲೆ ನಮಗೂ ನರಿಯ ತಂಡಕ್ಕೂ ಪಂದ್ಯ. ನರಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಾ ಬಂದು ನನ್ನ ಬಾಲ ಮುಟ್ಟುತ್ತಿತ್ತು. ನಾನು ಉಂಡೆ. ಅದು ಕುಣಿಯುತ್ತಾ ಗೆರೆ ದಾಟುತ್ತಿತ್ತು. ನಾನು ಔಟ್. ಹೀಗೆ ನಾಲ್ಕು ವರ್ಷ. ಮೂರನೇ ವರ್ಷವಂತೂ ಉರುಳಿಕೊಂಡು ಹೋಗಿ ನಮ್ಮ ನಾಯಕ ಕಡವೆಯ ಕಾಲಿಗೆ ಬಡಿದು ಅವನನ್ನೂ ಬೀಳಿಸಿದೆ.

ವ್ಯಾಪಾರ ಇನ್ನೂ ಚೆಂದ. ಮೊದಲು ಗೆದ್ದಲಿನ ಅಂಗಡಿ ಇಟ್ಟೆ. ಗಿರಾಕಿ ಬರುವ ಹೊತ್ತಿಗೆ ಸರಕೆಲ್ಲ ಯಜಮಾನನ ಹೊಟ್ಟೆಯಲ್ಲಿತ್ತು. ಆಮೇಲೆ ಬಿಲ ತೋಡುವ ಗುತ್ತಿಗೆ ಹಿಡಿದೆ. ಮೊಲಕ್ಕೆಂದು ತೋಡಿದ ಬಿಲದಲ್ಲಿ ಕರಡಿ ಬಂದು ಸಂಸಾರ ಹೂಡಿತು. ಮೊಲ ಇವತ್ತಿಗೂ ನನ್ನ ಜೊತೆ ಮಾತಾಡುವುದಿಲ್ಲ. ಕೊನೆಗೆ ಹಳ್ಳದ ದಾರಿಯ ಹೊಂಗೆ ಮರದಡಿ ಜೇನಿನ ಅಂಗಡಿ ಇಟ್ಟೆ. ಎಲ್ಲರೂ ನೀರಿಗೆ ಬರುವ ದಾರಿ, ಒಳ್ಳೆಯ ಜಾಗ. ನರಿಗೂ ಅದರ ಮೇಲೆ ಕಣ್ಣು. ವಾರಕ್ಕೊಮ್ಮೆ ಬಂದು “ಹುಲಿ ಬಂತು!” ಎಂದು ಕೂಗುತ್ತಿತ್ತು. ನಾನು ಉಂಡೆಯಾಗಿ, ಮತ್ತೆ ಬಿಚ್ಚಿಕೊಂಡು ನೋಡಿದರೆ ಮಡಕೆ ಖಾಲಿ. ಪ್ರತಿ ಸಲವೂ ನಂಬಿದೆ. ನನ್ನ ಚಿಪ್ಪಿಗಿಂತ ಬುದ್ಧಿಯೇ ದಪ್ಪ ನೋಡಿ.

ಐದನೇ ಬೇಸಿಗೆ ಹತ್ತಿರ ಬಂದಾಗ ನರಿ ಎಲ್ಲರೆದುರು ಕೇಳಿತು, “ಏನಪ್ಪಾ ಚಿಪ್ಪಣ್ಣ, ಈ ಸಲವೂ ಸೋತರೆ ಹೊಂಗೆ ಮರದಡಿಯ ಜಾಗ ನನಗೆ ಬಿಡ್ತೀಯಾ? ನೀನು ಗೆದ್ದರೆ ನಾನು ಆ ಕಡೆ ತಲೆ ಹಾಕಿಯೂ ಮಲಗಲ್ಲ.”

“ಬಿಡ್ತೀನಿ, ಹೋಗೋ!” ಅಂದುಬಿಟ್ಟೆ. ರೋಷ ಬಂದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. ಆಟದ ತೀರ್ಪುಗಾರ ಕಾಡುಕೋಣವೇ ಮಾತಿಗೆ ಸಾಕ್ಷಿಯಾಯಿತು.

“ಇರೋದೊಂದು ಅಂಗಡಿ. ಅದನ್ನೂ ಪಣಕ್ಕಿಟ್ಟು ಬಂದ್ರಾ? ಮರಿಗೆ ಏನ್ರೀ ಹಾಕೋಣ?” ಎಂದಳು ಹೆಂಡತಿ.

“ಹಾಗಾದರೆ ಆಟ ಬಿಟ್ಟುಬಿಡ್ಲಾ?”

“ಬಿಟ್ಟರೆ ಅಂಗಡಿ ಉಳಿಯುತ್ತಾ? ಏಳ್ರೀ ಮೇಲೆ!”

ಅವತ್ತಿನಿಂದ ಅವಳದೇ ತಾಲೀಮು. ನಾನು ಮಣ್ಣು ಕೆದಕುತ್ತಿದ್ದರೆ ಹಿಂದಿನಿಂದ ಬಂದು ಬಾಲ ಮುಟ್ಟುವಳು. ಉಂಡೆಯಾಗುವ ಮೊದಲು ನಾನು ಎಣಿಸಬೇಕು. ಮೊದಲ ವಾರ ಸೊನ್ನೆ. ಎರಡನೇ ವಾರವೂ ಸೊನ್ನೆ, ಮೇಲಿಂದ ಇಳಿಜಾರಿನಲ್ಲಿ ಉರುಳಿ ಮುಳ್ಳಿನ ಪೊದೆಗೆ ಬಿದ್ದೆ. ಅಂತೂ ಇಂತೂ ತಿಂಗಳ ಕೊನೆಗೆ “ಒಂದು” ಅಂದೆ. ಅವಳು ಖುಷಿಗೆ ಎರಡು ಹುತ್ತದ ಗೆದ್ದಲು ಬಡಿಸಿದಳು. ಪಂದ್ಯದ ಹೊತ್ತಿಗೆ ಮೂರರವರೆಗೆ ಬಂದಿದ್ದೆ. ಅಷ್ಟೇ ನನ್ನ ವಿದ್ಯೆ.

ಪಂದ್ಯದ ದಿನ ಅಂಕ ಸಮವಾಯಿತು. ಕೊನೆಯ ದಾಳಿ ನರಿಯದು. ನಮ್ಮ ಕಡೆ ಉಳಿದವನು ನಾನೊಬ್ಬನೇ. ಹೊರಗೆ ಕೂತಿದ್ದ ಕಡವೆ ಕಣ್ಣು ಮುಚ್ಚಿಕೊಂಡ. ನರಿ ಬಂತು, ಬಾಲ ಮುಟ್ಟಿತು, ನನ್ನ ಮುಖವನ್ನೂ ನೋಡದೆ ತಿರುಗಿತು. ನಾನು ಒಂದು ಅಂದೆ, ಎರಡು ಅಂದೆ, ಹಾರಿ ಅದರ ಹಿಂಗಾಲು ಹಿಡಿದೆ!

ನರಿ ‘ಕಬಡ್ಡಿ ಕಬಡ್ಡಿ’ ಅನ್ನುತ್ತಲೇ ನನ್ನನ್ನು ಎಳೆಯಿತು. ಗೆರೆ ಇನ್ನೊಂದು ಗೇಣು ದೂರ. ನನ್ನ ಉಗುರು ಜಾರತೊಡಗಿತು. ಆದರೂ ಆ ಜಾಣನಿಗೆ ಗಾಬರಿ. “ಹುಲಿ ಬಂತು!” ಎಂದು ಕಿರುಚಿತು.

ನಾನು ಉಂಡೆಯಾದೆ. ಸುಳ್ಳು ಯಾಕೆ ಹೇಳಲಿ, ಈ ಸಲವೂ ನಂಬಿದೆ! ಆದರೆ ನರಿಯ ಕಾಲು ಉಂಡೆಯೊಳಗೇ ಸಿಕ್ಕಿಕೊಂಡಿತ್ತು.

ಕಾಡುಕೋಣ ಗುಡುಗಿತು, “ಕಬಡ್ಡಿ ಅನ್ನೋದು ಬಿಟ್ಟು ಹುಲಿ ಅಂದೆ. ದಮ್ಮು ಮುರಿಯಿತು. ನರಿ ಔಟ್!”

“ಅಯ್ಯೋ, ತಮಾಷೆಗೆ ಅಂದೆ ಯಜಮಾನ್ರೇ...”

“ತಮಾಷೆ ನಿನ್ನ ಮನೇಲಿ ಮಾಡು. ಇನ್ನು ಹೊಂಗೆ ಮರದ ಕಡೆ ಕಾಣಿಸಿಕೊಂಡರೆ ನನ್ನ ಕೊಂಬಿಗೆ ಉತ್ತರ ಹೇಳು.”

ನರಿ ಕುಂಟುತ್ತಾ ಹೋಯಿತು. ನಾನು ಬಿಚ್ಚಿಕೊಂಡು ನೋಡಿದರೆ ಎಲ್ಲರೂ ಕುಣಿಯುತ್ತಿದ್ದರು, ನನ್ನ ಹೆಂಡತಿಯೊಬ್ಬಳು ಗಳಗಳನೆ ಅಳುತ್ತಿದ್ದಳು.

“ಯಾಕೇ ಅಳ್ತೀಯಾ? ಗೆದ್ದಿದ್ದೀವಲ್ಲ!” ಅಂದೆ.

“ಸುಮ್ನಿರಿ. ನೀವು ಸೋತು ಬಂದಾಗೆಲ್ಲ ತಡ್ಕೊಂಡಿದ್ದೆ. ಇವತ್ತಾದರೂ ಅಳೋಕೆ ಬಿಡಿ,” ಎಂದಳು.

ನೀತಿ: ಸೋತಾಗ ಮುದುಡಿಕೊಂಡರೆ ತಪ್ಪಿಲ್ಲ, ಮತ್ತೆ ಎದ್ದು ಕಣಕ್ಕಿಳಿಯದಿದ್ದರೆ ತಪ್ಪು. ಮೋಸವನ್ನೇ ನೆಚ್ಚಿಕೊಂಡವನು ಒಂದಲ್ಲ ಒಂದು ದಿನ ತನ್ನ ಬಾಯಿಂದಲೇ ಕೆಡುತ್ತಾನೆ.