ಕುಳಿ ಮುಚ್ಚಿದ ಬುರುಡೆ

"ಗುರುಗಳೇ, ನಿಮ್ಮ ಮಾತುಗಳಲ್ಲಿ ಕೆಲವು ಬಹಳ ಒರಟು. ಬರೆದಿಡುವಾಗ ಅಂಥವನ್ನು ಒಂಚೂರು ನಯ ಮಾಡಿದರೆ ತಪ್ಪೇನು?" ಎಂದು ಶಿಷ್ಯ ಕೇಳಿದ.

ಗುರುಗಳ ಮಾತುಗಳನ್ನು ಬರೆದಿಡುವ ಕೆಲಸ ಅವನದು. ಸುತ್ತಲಿನ ಊರಿನವರು ಅವನ ಪ್ರತಿ ನೋಡಿಯೇ ಬರೆದುಕೊಳ್ಳುತ್ತಿದ್ದರು. ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಕಡಲ ದಂಡೆಯ ಊರಿನಲ್ಲಿ ಒಬ್ಬ ಮೂರ್ತಿಕಾರನಿದ್ದ. ಚೌತಿಗೆ ಗಣಪತಿ, ನವರಾತ್ರಿಗೆ ಶಾರದೆ ಅವನ ಕೈಯಿಂದಲೇ ಆಗಬೇಕು. ಮೂರ್ತಿಯಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಅವನು ಹೊರಗೆ ಕೊಡುತ್ತಿರಲಿಲ್ಲ. ಭಿನ್ನವಾದದ್ದು ಪೂಜೆಗೆ ಬಾರದು. ಅಪ್ಪ ಕಲಿಸಿದ ಮೊದಲ ಪಾಠವೇ ಅದು.

ಒಂದು ದಿನ ಶಾಲೆಯ ಮಾಸ್ತರರು ಕಡಲಹಕ್ಕಿಯೊಂದರ ತಲೆಬುರುಡೆ ತಂದರು. ಮಕ್ಕಳ ಕೈಯಲ್ಲಿ ಅದು ಪುಡಿಯಾಗುತ್ತದೆ, ಅದರಂತೆಯೇ ಒಂದು ಮಾಡಿಕೊಡು, ಅಸಲು ನಿನ್ನ ಬಳಿಯೇ ಜೋಪಾನವಾಗಿರಲಿ ಎಂದರು.

ಮೂರ್ತಿಕಾರ ಪ್ಲಾಸ್ಟರಿನಲ್ಲಿ ಎರಕ ಹೊಯ್ದ. ಬುರುಡೆ ಸೊಗಸಾಗಿ ಬಂತು. ಆದರೆ ಎರಡೂ ಕಣ್ಣುಗೂಡುಗಳ ಮೇಲೆ ಉಗುರಿನಿಂದ ಒತ್ತಿದಂತೆ ಒಂದೊಂದು ಕುಳಿ. ಅಸಲಿನಲ್ಲೂ ಇತ್ತು. "ಹುಳ ತಿಂದದ್ದು" ಎಂದುಕೊಂಡ. ಭಿನ್ನವಾದದ್ದನ್ನು ಕೊಡಲು ಕೈ ಬರಲಿಲ್ಲ. ಕುಳಿಗಳಿಗೆ ಪ್ಲಾಸ್ಟರ್ ಮೆತ್ತಿ, ತಿಕ್ಕಿ ನುಣುಪು ಮಾಡಿ, ಅದರಿಂದಲೇ ಅಚ್ಚು ತೆಗೆದ. ಯಾರನ್ನೂ ಕೇಳಲಿಲ್ಲ. ಕೈ ಪಳಗಿದವನಿಗೆ ಕೇಳುವ ಅಭ್ಯಾಸ ಎಲ್ಲಿರುತ್ತದೆ?

ಅಷ್ಟರಲ್ಲಿ ಆ ಮಾಸ್ತರರಿಗೆ ವರ್ಗವಾಗಿತ್ತು. ಅವರ ಜಾಗಕ್ಕೆ ಬಂದವರು ಬುರುಡೆ ನೋಡಿ ಭೇಷ್ ಎಂದರು. ಸುತ್ತಲಿನ ಶಾಲೆಗಳೆಲ್ಲ ಮಾಡಿಸಿಕೊಂಡು ಗಾಜಿನ ಕಪಾಟಿನಲ್ಲಿಟ್ಟವು. ಮೂರ್ತಿಕಾರ ಬೀಗಿದ.

ಇಪ್ಪತ್ತೈದು ವರ್ಷ ಕಳೆಯಿತು. ಅವನ ಮಗಳು ಓದಿ, ಶಾಲೆಯಲ್ಲಿ ಕಲಿಸುವ ಕೆಲಸಕ್ಕೆ ಅರ್ಜಿ ಹಾಕಿದಳು. ಅವಳಿಗೆ ಇದ್ದದ್ದು ಅದೊಂದೇ ಆಸೆ, ಅಪ್ಪನಿಗೂ ಅಷ್ಟೆ. ಪರೀಕ್ಷಕ ಮೇಜಿನ ಮೇಲೆ ಬುರುಡೆ ಇಟ್ಟು ವಿವರಿಸಲು ಹೇಳಿದ. ಅವಳು ದಂಡೆಯಲ್ಲಿ ಬೆಳೆದವಳು, ಅಲೆ ತಂದು ಹಾಕಿದ ಬುರುಡೆಗಳನ್ನು ಎತ್ತಿ ನೋಡಿದವಳು.

"ಕಣ್ಣಿನ ಮೇಲೆ ಎರಡು ಕುಳಿಗಳಿರುತ್ತವೆ. ರಕ್ತದ ಉಪ್ಪನ್ನು ಸೋಸುವ ಗ್ರಂಥಿಗೆ ಅದೇ ಜಾಗ. ಅದರಿಂದಲೇ ಹಕ್ಕಿ ಕಡಲ ನೀರು ಕುಡಿದು ಬದುಕುತ್ತದೆ" ಎಂದಳು.

"ಎಲ್ಲಿದೆ ಕುಳಿ? ತೋರಿಸಮ್ಮ" ಎಂದ ಪರೀಕ್ಷಕ.

ಅವಳು ಬೆರಳಿಟ್ಟಳು. ನುಣುಪು. ಅದು ಅಪ್ಪನ ಕೈಕೆಲಸವೆಂದು ಅವಳಿಗೆ ಗೊತ್ತು. ಅಪ್ಪನ ಹೆಸರೆತ್ತದೆ ಎದ್ದು ಬಂದಳು. ಕೆಲಸ ತಪ್ಪಿತು.

ಅವಳು ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಮೂರ್ತಿಕಾರನಿಗೆ ತನ್ನ ತಪ್ಪು ತಿಳಿಯಿತು. ಅಟ್ಟದಿಂದ ಅಸಲು ಬುರುಡೆ ಇಳಿಸಿಕೊಂಡು ಪರೀಕ್ಷಕನ ಬಳಿ ಓಡಿದ. ಕುಳಿ ಮುಚ್ಚಿದವನು ನಾನೇ, ಮಗಳು ಹೇಳಿದ್ದೇ ನಿಜ ಎಂದು ಕೈ ಮುಗಿದ. ಪರೀಕ್ಷಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದ. ಅವನೂ ಬಾಲ್ಯದಲ್ಲಿ ಅದೇ ಪ್ಲಾಸ್ಟರ್ ಬುರುಡೆ ನೋಡಿ ಕಲಿತವನು. ಅಸಲನ್ನು ಹಿಂದಕ್ಕೆ ತಳ್ಳಿದ.

"ಇದು ಹುಳ ತಿಂದದ್ದು" ಎಂದ.

ಮೂರ್ತಿಕಾರ ಮನೆಗೆ ಹೋಗಿ ಅಚ್ಚನ್ನು ಒಡೆದು ಹಾಕಿದ. ಊರೂರಿನ ಕಪಾಟುಗಳಲ್ಲಿದ್ದದ್ದನ್ನು ಒಡೆಯುವುದು ಅವನಿಂದ ಆಗುವ ಮಾತಾಗಿರಲಿಲ್ಲ.

ಮರುವರ್ಷ ಮಗಳು ಮತ್ತೆ ಪರೀಕ್ಷೆಗೆ ಹೋದಳು. ಅದೇ ಮೇಜು, ಅದೇ ಬುರುಡೆ. ಕಣ್ಣಿನ ಮೇಲೆ ನುಣುಪಾಗಿದೆ ಎಂದಳು. ಕೆಲಸ ಸಿಕ್ಕಿತು. ಮಕ್ಕಳಿಗೂ ಹಾಗೆಯೇ ಕಲಿಸಿದಳು. ಅಂದಿನಿಂದ ಅವಳು ಅಪ್ಪನಿಗೆ ಮುಖ ಕೊಟ್ಟು ಮಾತಾಡಲಿಲ್ಲ.

ಕತೆ ಮುಗಿಯಿತು. ಶಿಷ್ಯ ಹೊತ್ತಗೆ ಮುಚ್ಚಿದ. "ಆದರೂ ಗುರುಗಳೇ, ಅವನ ಮನಸ್ಸಿನಲ್ಲಿ ಕೇಡಿರಲಿಲ್ಲವಲ್ಲ" ಎಂದ.

ಗುರುಗಳು ಅವನ ಕೈಯಲ್ಲಿದ್ದ ಹೊತ್ತಗೆಯನ್ನು ನೋಡಿದರು.

"ನಿನ್ನೆ ಪಕ್ಕದೂರಿನ ಸಭೆಯಲ್ಲಿ ನಾನು ಮಾತಾಡಿದಾಗ, ಅವರು ನಿನ್ನ ಪ್ರತಿಯನ್ನು ತೆರೆದು ನನಗೇ ತೋರಿಸಿ, ಗುರುಗಳು ಹೀಗೆ ಹೇಳಿಯೇ ಇಲ್ಲ ಎಂದರು."