ಅಂಗಳದ ಹೊರಗಿನ ಉಸಿರು

ಹೊಳೆಯ ದಡದ ಆಶ್ರಮದಲ್ಲಿ ಪಾಯಣ್ಣ ಪಂಡಿತರು ಅಣುಗಳ ಲೆಕ್ಕವನ್ನು ಮರಳಿನ ಮೇಲೆ ಕಲಿಸುತ್ತಿದ್ದರು.

ಒಂದು ಎಲೆಕ್ಟ್ರಾನಿನ ಸುಳಿವು ಸಿಕ್ಕರೆ ಸಾಕು, ಇನ್ನೊಂದು ಸರಿದು ನಿಲ್ಲುತ್ತದೆ. ಎಲ್ಲದರ ಸರಿದಾಟವನ್ನೂ ಲೆಕ್ಕ ಹಾಕುತ್ತ ಕೂತರೆ ಒಂದು ಜನ್ಮ ಸಾಲದು. ಅದಕ್ಕೇ ಎಲೆಕ್ಟ್ರಾನುಗಳ ಪ್ರತಿ ಜೋಡಿಯ ಸುತ್ತ ಒಂದು ಅಂಗಳ ಗೀಚಿ, ಒಳಗಿನ ನೆರೆಹೊರೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದು ಅಲ್ಲಿನ ಪದ್ಧತಿ.

ಶಿಷ್ಯೆ ಅನಂತಮತಿ ಒಂದು ಔಷಧದ ಲೆಕ್ಕ ಮುಗಿಸಿದ್ದಳು. ಅದರ ಅಣು ಎಳೆತವನ್ನು ತಾಳಿಕೊಂಡರೆ ಮದ್ದು, ಮುರಿದರೆ ವಿಷ. ಆಚೆ ದಡದಲ್ಲಿ ಉಸಿರಿಗೆ ಒದ್ದಾಡುತ್ತ ಮಲಗಿದ್ದ ಅವಳ ತಮ್ಮನಿಗೇ ಅದನ್ನು ಕುಡಿಸಬೇಕಿತ್ತು.

"ತಾಳುತ್ತದೆ ಗುರುಗಳೇ, ಮುರಿಯುವುದಿಲ್ಲ. ಅಪ್ಪಣೆ ಕೊಡಿ, ಹೊರಡುತ್ತೇನೆ." ಸೀಸೆ ಆಗಲೇ ಕೈಯಲ್ಲಿತ್ತು.

ಪಂಡಿತರು ಅವಳು ಮರಳಿನಲ್ಲಿ ಎಳೆದಿದ್ದ ಲೆಕ್ಕದ ಗೆರೆಯನ್ನು ದಿಟ್ಟಿಸಿದರು. "ಇಲ್ಲಿ ನಿನ್ನ ಬೆರಳಾಡಿದೆಯಲ್ಲ?"

"ಅಣುವನ್ನು ಎಳೆಯುತ್ತ ಹೋದಾಗ ಅಲ್ಲಿ ಗೆರೆ ಥಟ್ಟನೆ ಜಿಗಿಯಿತು. ದೂರದ ಒಂದು ಪರಮಾಣು ಅಂಗಳ ದಾಟಿ ಲೆಕ್ಕದಿಂದ ಹೊರಗೆ ಹೋಯಿತು, ಅಷ್ಟೇ. ಒರೆಸಿ ಸಮ ಮಾಡಿದೆ."

ತಮ್ಮ ಉಳಿಯಲಿ ಎಂಬ ಆಸೆಯೇ ಆ ಬೆರಳನ್ನು ಆಡಿಸಿತ್ತು, ಪಾಪ.

ಗುರುಗಳು ಬೈಯಲಿಲ್ಲ. ಅವಳನ್ನು ಕೂರಿಸಿ, ಸುತ್ತಲೂ ಕೋಲಿನಿಂದ ಗೀಟೆಳೆದರು.

"ಕಣ್ಣು ಮುಚ್ಚು. ಇದು ನಿನ್ನ ಅಂಗಳ. ಹೊರಗೆ ಯಾರೂ ಇಲ್ಲ ಎಂದೇ ತಿಳಿ. ಅಲುಗಾಡಬೇಡ."

ಸಂಜೆಯಾಗಿತ್ತು. ಹೊಳೆಯ ಸದ್ದು ಕೂಡ ನಿಂತಂತಾಯಿತು. ಬೆನ್ನ ಹಿಂದೆ ಯಾರೋ ಉಸಿರೆಳೆದರು. ಕುತ್ತಿಗೆ ತಣ್ಣಗಾಯಿತು. ಗುರುಗಳೇ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡಳು.

"ನೀನು ಎಡಕ್ಕೆ ಯಾಕೆ ವಾಲಿದೆ?"

ದನಿ ಬಂದದ್ದು ಎದುರಿನಿಂದ. ಕಣ್ಣು ಬಿಟ್ಟರೆ ಗುರುಗಳು ದೂರದಲ್ಲಿ, ನೀರಿನಂಚಿನಲ್ಲಿ ನಿಂತಿದ್ದರು.

"ಹಿಂದೆ ಯಾರೋ ಇದ್ದಾರೆ ಗುರುಗಳೇ. ನನ್ನ ತಮ್ಮನದೇ ಗೊರಗೊರ ಉಸಿರು."

"ಅವನೆಲ್ಲಿದ್ದಾನೆ?"

"ಆಚೆ ದಡದಲ್ಲಿ."

"ನಿನ್ನ ಅಂಗಳದೊಳಗೋ?"

"ಅಲ್ಲ."

"ಮತ್ತೆ, ಯಾರಿಗೆ ಜಾಗ ಬಿಟ್ಟು ವಾಲಿದೆ?"

ಗೊರಗೊರ ಸದ್ದು ಇನ್ನಷ್ಟು ಹತ್ತಿರ ಬಂತು. ಭಯಕ್ಕಿಂತ ಹೆಚ್ಚಾಗಿ ಅಳು ಒತ್ತರಿಸಿ ಬಂದು, ಹಿಂದಕ್ಕೆ ತಿರುಗಲು ಹೊರಟಳು.

ಪಂಡಿತರು ಕೋಲನ್ನು ಅವಳ ಮುಂದಕ್ಕೆ ಎಸೆದರು.

"ಈಗಲೇ ತಿರುಗಬೇಡ ಮಗಳೇ. ಸೀಸೆ ಕೆಳಗಿಡು; ಅಂಗಳದಾಚೆಯ ಆ ಪರಮಾಣುವನ್ನು ಬಿಟ್ಟ ಲೆಕ್ಕದಲ್ಲಿ ಇದು ಮದ್ದೋ ವಿಷವೋ ತಿಳಿಯದು. ಮೊದಲು ಅಂಗಳ ದೊಡ್ಡದು ಮಾಡು, ಅವನಿಗೂ ಜಾಗವಾಗಲಿ."