ಕಪ್ಪು ಬಿದ್ದ ಗೊಂಬೆ

ಕಂಪ್ಯೂಟರ್ ಆಟ ಕಟ್ಟುವ ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಆಟ ಕಟ್ಟಿದ್ದು ನಾನು. ಆಡುವವರು 'ಮಾಡ್' ಎಂಬ ಹೆಸರಲ್ಲಿ ತಮಗೆ ತೋಚಿದ ಉಡುಪು, ಆಯುಧ, ಕಾಡು, ಮಳೆ ಎಲ್ಲ ಅದಕ್ಕೆ ಸೇರಿಸುತ್ತಾರೆ. ಭಾರಕ್ಕೆ ಆಟ ಮುಗ್ಗರಿಸಿದರೆ ಬೈಗುಳ ನನಗೆ. ಇನ್ನು ಯಾರೂ ಏನೂ ಸೇರಿಸದಂತೆ ಬೀಗ ಜಡಿದುಬಿಡಲೇ?"

ಗುರುಗಳು ಹೇಳಿದರು:

ಒಬ್ಬ ತೊಗಲುಗೊಂಬೆ ಮಾಡುವವನಿದ್ದ. ಬೆಳಕು ತೂರುವಷ್ಟು ತೆಳ್ಳಗೆ ತೊಗಲು ಹೆರೆದು ಗೊಂಬೆ ಕೊರೆಯುತ್ತಿದ್ದ. ನೆನೆದು ಹದಕ್ಕೆ ಬಂದ ತೊಗಲನ್ನು ಅಂದೇ ಹೆರೆಯದಿದ್ದರೆ ಕೊಳೆಯುತ್ತದೆ. ಅಂಥದೊಂದು ತೊಗಲನ್ನು ಎಳೆದುಕೊಂಡು ಕೂತಿದ್ದಾಗ, ಗೊಂಬೆ ಆಡಿಸುವವನೊಬ್ಬ ಬಂದು ಹಿಂದೆ ಕೊಂಡಿದ್ದ ಗೊಂಬೆಯನ್ನು ಅವನ ಮುಂದೆ ಎಸೆದ.

"ಏನಯ್ಯಾ, ಗೊಂಬೆ ಕೊಟ್ಟೆಯೋ ರೊಟ್ಟಿ ಹಂಚು ಕೊಟ್ಟೆಯೋ? ಪರದೆ ಮೇಲೆ ಬರೀ ಕಪ್ಪು. ನನ್ನ ಮಾತು ಮುಗಿದ ಮೇಲೆ ಇದು ಕೈ ಎತ್ತುತ್ತದೆ. ಜನ ನಕ್ಕರು. ಸಂಜೆ ಮತ್ತೆ ಆಟವಿದೆ, ನನ್ನ ಗತಿ ಏನು?"

ಗೊಂಬೆಯ ಮೈತುಂಬ ಜರಿ, ಕನ್ನಡಿ ಚೂರು, ತಗಡಿನ ಕಿರೀಟ.

"ಮೊದಲು ಇವನ್ನೆಲ್ಲ ಕಿತ್ತು ತಾ."

"ಅದು ಅಲಂಕಾರ ಮಾರಾಯ, ಅದೇನು ಮಾಡೀತು? ನಿನ್ನ ತೊಗಲೇ ದಪ್ಪ!"

ಹೆರೆದು ಗೊತ್ತಿಲ್ಲದವನಿಗೆ ತೊಗಲಿನ ದಪ್ಪ ಗೊತ್ತಂತೆ! ಕೊನೆಗೆ ಮಾಡಿದವನೇ ಕೀಳಲು ಕೂತ. ಒಂದು ಚೂರು ಕೀಳುವುದು, ದೀಪಕ್ಕೆ ಹಿಡಿಯುವುದು, ಇನ್ನೊಂದು ಕೀಳುವುದು. ಗೊಂಬೆಯ ಬಣ್ಣ ಬೆಳಗುವ ಹೊತ್ತಿಗೆ ಪಕ್ಕದ ತೊಗಲು ನಾರುತ್ತಿತ್ತು. ಹುಟ್ಟಬೇಕಿದ್ದ ಗೊಂಬೆ ಹುಟ್ಟದೆ ಸತ್ತಿತು. ಅದಕ್ಕೆ ಅತ್ತವರಿಲ್ಲ. ಇನ್ನು ಮೇಲೆ ಯಾವ ಅಂಟೂ ಹಿಡಿಯದಂತೆ ಎಣ್ಣೆ ಬಳಿದೇ ಮಾರುತ್ತೇನೆಂದು ಅವನು ಹಲ್ಲು ಕಚ್ಚಿದ.

ಉಳಿದದ್ದು ಮಣಿಕಟ್ಟಿನಲ್ಲೊಂದು ದಾರ. ಅದೂ ತಾನು ಹಾಕಿದ್ದಲ್ಲ. ಆಡಿಸುವವನು ಅಂಗೈಯನ್ನು ಕತ್ತರಿಸಿ ದಾರದ ಕೀಲು ಕೂಡಿಸಿದ್ದ. ಅದನ್ನೂ ಕೀಳಲು ಕತ್ತಿ ತಾಗಿಸುವ ಮುನ್ನ, ಮಾಡಿದವನು ಗೊಂಬೆಯನ್ನು ಸುಮ್ಮನೆ ಅಲ್ಲಾಡಿಸಿದ. ಗೊಂಬೆ ಅಂಗೈ ಬೀಸಿ 'ಬಾ' ಎಂದು ಕರೆಯಿತು. ಅವನ ಯಾವ ಗೊಂಬೆಯೂ ಹಾಗೆ ಯಾರನ್ನೂ ಕರೆದಿರಲಿಲ್ಲ. ಕತ್ತಿ ಕೆಳಗಿಟ್ಟ.

ಎಣ್ಣೆ ಬಳಿಯಲಿಲ್ಲ. ಆಮೇಲೆ ಅವನು ಮಾಡಿದ ಗೊಂಬೆಗಳೆಲ್ಲ ಅಂಗೈ ಬೀಸಿದವು. ಕೈಚಳಕವೆಂದರೆ ಇದಪ್ಪಾ ಎಂದರು ಜನ. ಅವನು ತಲೆದೂಗಿ ಆ ಹೊಗಳಿಕೆ ತೆಗೆದುಕೊಂಡ.

"ಪಾಪ, ಅಷ್ಟು ದುಡಿದವನಿಗೆ ಆ ಬೈಗುಳ ಸಲ್ಲದು," ಎಂದ ಶಿಷ್ಯ.

"ಸಲ್ಲದು. ನೀನೂ ನಿನ್ನದಲ್ಲದ ಬೈಗುಳವನ್ನು ಇಲ್ಲಿಯವರೆಗೆ ಹೊತ್ತು ತಂದೆಯಲ್ಲ, ನಿನ್ನದಲ್ಲದ ಹೊಗಳಿಕೆಯನ್ನು ಎಲ್ಲಿಟ್ಟು ಬಂದೆ?"